ಮೋಯಾ ಅನ್ನದ ನೊಖಾಯಾ

ಬೆಂಕಿ ಕಾಯುವ ಗೋಪುರವನ್ನು ನೆಲಕ್ಕೆ ಬಿಗಿದಿದ್ದ ನಾಲ್ಕು ಉಕ್ಕಿನ ಹಗ್ಗಗಳಲ್ಲಿ ವಾಯವ್ಯ ದಿಕ್ಕಿನದು ಮೊದಲು ಗುಂಯ್ ಎಂದಿತು. ಸೊಳ್ಳೆಯೊಂದು ಕಿವಿಯ ಹತ್ತಿರ ಬಂದು ಹೋದಷ್ಟೇ ಸಣ್ಣ ಸದ್ದು. ಮೇಲಿನ ತಗಡಿನ ಗೂಡಿನಲ್ಲಿ ಕೂತಿದ್ದ ನೊಖಾಯಾ ಚಹಾದ ಲೋಟವನ್ನು ಬಾಯಿಂದ ಕೆಳಗಿಳಿಸಿದಳು. ಪೈನ್ ಮರಗಳ ತುದಿ ಇನ್ನೂ ಅಲುಗಿರಲಿಲ್ಲ. ದೂರದ ಬಂಡೆಸಾಲಿನ ಬುಡದಲ್ಲಿ ಮುಕ್ಕಾಲು ಗಂಟೆಯಿಂದ ಏಳುತ್ತಿದ್ದ ಬಿಳಿ ಹೊಗೆ ಕೋಲು ನೆಟ್ಟ ಹಾಗೆ ನೆಟ್ಟಗೆ ನಿಂತಿತ್ತು. ಆದರೆ ಆ ಹಗ್ಗಕ್ಕೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಗಾಳಿ ಬರುತ್ತಿತ್ತು. ಅಲ್ಲಿ ಚಳಿಗಾಲ ಮುಗಿಯುವ ಆಗಸ್ಟ್ ತಿಂಗಳಲ್ಲಿ ಬೆಟ್ಟದ ಮೇಲಿಂದ ಇಳಿದು ಬರುವ, ಒಲೆಯ ಬಾಯಿ ತೆರೆದಂಥ ಒಣ ಗಾಳಿ.

ಅವಳು ರೇಡಿಯೋದ ಗುಂಡಿ ಒತ್ತಿದಳು. "ಬೇಸ್, ಎರಡನೇ ಗೋಪುರ ಮಾತಾಡ್ತಿರೋದು. ವಿಂಡ್ ವಾಯವ್ಯ. ಈಗ ಶುರು."

"ಎಷ್ಟಿದೆ ಅಕ್ಕಾ?" ಕೆಳಗಿನ ಕಚೇರಿಯಲ್ಲಿ ರೇಡಿಯೋ ಮುಂದೆ ಕೂರುವ ಪುಲೆಂಗ್ ಕೇಳಿದಳು. ಸೋಥೋ ಜನಾಂಗದ ಹುಡುಗಿ; ಬಾಯಲ್ಲಿ ಯಾವಾಗಲೂ ಏನಾದರೂ ತಿಂಡಿ.

"ಈಗ ಹತ್ತು. ಅರ್ಧ ಗಂಟೇಲಿ ನಲವತ್ತಾಗುತ್ತೆ."

"ಆಗ ಹೇಳಿದ್ರಲ್ಲ, ಮುನ್ನೂರ ಹತ್ತು ಡಿಗ್ರಿ, ಬೇಲಿ ಆಚೆ ಯಾರೋ ಹುಲ್ಲು ಸುಡ್ತಿದ್ದಾರೆ ಅಂತ. ಆರಿಸಿದ್ರಾ ಅದನ್ನ?"

"ಇಲ್ಲ."

"ಯಾರದು, ಗುರುತು ಸಿಕ್ತಾ?"

ನೊಖಾಯಾ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ತಂಡ ಕಳ್ಸು ಪುಲೆಂಗ್. ಯಾರು ಏನು ಅಂತ ಆಮೇಲೆ ನೋಡೋಣ, ಈಗ ಕಳ್ಸು."

ದುರ್ಬೀನಿನ ಎರಡು ದುಂಡು ಗಾಜುಗಳೊಳಗೆ ಕಂದು ಕಂಬಳಿ ಹೊದ್ದ ಮುದುಕನೊಬ್ಬ ಹಸಿ ಕೊಂಬೆ ಹಿಡಿದು ಬೆಂಕಿಯ ಅಂಚನ್ನು ಬಡಿಯುತ್ತಿದ್ದ. ಎಡಗಾಲನ್ನು ಹೊರಕ್ಕೆ ಎಸೆದು ನಡೆಯುವ ನಡಿಗೆ. ಆ ನಡಿಗೆಯನ್ನು ಅವಳು ಇಪ್ಪತ್ತಾರು ವರ್ಷದಿಂದ ದಿನವೂ ನೋಡಿದ್ದಳು. ಅದು ಅವಳ ಮಾವ. ಅವನ ಹೆಸರು ಮೋಯಾ. ಆ ಸೀಮೆಯ ಖೋಸಾ ಮಾತಿನಲ್ಲಿ ಹಾಗೆಂದರೆ ಗಾಳಿ.

ಮದುವೆಯಾಗಿ ಲುಖಾಲ್ವೆನಿಗೆ ಬಂದಾಗ ಅವಳಿಗೆ ಹತ್ತೊಂಬತ್ತು. ತವರಿನಲ್ಲಿ ಫುಮ್ಲಾ ಆಗಿದ್ದವಳಿಗೆ ಹೊಸ ಮನೆಯವರು ನೊಖಾಯಾ ಎಂದು ಹೆಸರಿಟ್ಟರು. ಅದೇ ಸಂಜೆ ಅತ್ತೆ ಅವಳನ್ನು ಒಲೆಯ ಪಕ್ಕ ಕೂರಿಸಿಕೊಂಡು ಬಾಯಿಂದ ಬರಬಾರದ ಮಾತುಗಳನ್ನು ಒಂದೊಂದಾಗಿ ಕಿವಿಯಲ್ಲಿ ಉಸುರಿದಳು. ಸೊಸೆ ಮಾವನ ಹೆಸರನ್ನು ಎತ್ತುವಂತಿಲ್ಲ. ಆ ಹೆಸರಿನ ಸದ್ದು ಬೇರೆ ಯಾವ ಮಾತಿನಲ್ಲಿದ್ದರೂ ಅದನ್ನೂ ಆಡುವಂತಿಲ್ಲ. ಬೇರೆ ಸೊಸೆಯರಿಗೆ ಅಷ್ಟೇನೂ ಕಷ್ಟವಿರಲಿಲ್ಲ; ಒಬ್ಬಳಿಗೆ ಒಂದು ಹಕ್ಕಿಯ ಹೆಸರು ಹೋಗಿತ್ತು, ಇನ್ನೊಬ್ಬಳಿಗೆ ಒಂದು ವಾರದ ಹೆಸರು. ನೊಖಾಯಾಗೆ ಹೋದದ್ದು ಗಾಳಿ. ಗಾಳಿಯೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಉಸಿರಿಗೂ ಅದೇ ಮಾತು, ಸತ್ತ ಮೇಲೆ ಮೈಬಿಟ್ಟು ಹೋಗುವ ಜೀವಕ್ಕೂ ಅದೇ ಮಾತು. ಇಗರ್ಜಿಯಲ್ಲಿ ತಂದೆ ಎಂದಾಗ ಅವಳೂ ತಂದೆ ಎನ್ನುತ್ತಿದ್ದಳು, ಮಗ ಎಂದಾಗ ಮಗ ಎನ್ನುತ್ತಿದ್ದಳು. ಪವಿತ್ರಾತ್ಮ ಬರುತ್ತಿದ್ದಂತೆ ತುಟಿ ಮುಚ್ಚಿ ಗುನುಗುತ್ತಿದ್ದಳು. ಪಾದ್ರಿಗೆ ಗೊತ್ತಿತ್ತು. ದೇವರಿಗೂ ಗೊತ್ತಿದ್ದೀತು.

ಬಂದ ಮೂರನೇ ದಿನವೇ ತಪ್ಪಿದ್ದಳು. ಒಗೆದ ಬಟ್ಟೆ ಹಾರಿಹೋಗುವಾಗ "ಎಂಥಾ ಗಾಳಿ!" ಎಂದುಬಿಟ್ಟಳು. ಹಟ್ಟಿಯ ಹತ್ತಿರ ಕೂತಿದ್ದ ಗಂಡಸರೆಲ್ಲ ತಲೆ ತಗ್ಗಿಸಿದರು. ಮರುದಿನ ಅವಳನ್ನು ತವರಿಗೆ ಅಟ್ಟಿದರು. ಅಪ್ಪ ತಪ್ಪಿಗೆ ದಂಡವೆಂದು ಒಂದು ಆಡು ಹಿಡಿದುಕೊಂಡು, ಎರಡು ದಿನ ನಡೆದು, ಮಗಳನ್ನು ವಾಪಸು ತಂದುಬಿಟ್ಟ. ದಾರಿಯುದ್ದಕ್ಕೂ ಅವನು ಬೈಯಲಿಲ್ಲ. ಅದೇ ಹೆಚ್ಚು ನೋವಾಗಿತ್ತು. ಅಂದಿನಿಂದ ಇಂದಿನವರೆಗೆ ನಿದ್ದೆಗಣ್ಣಿನಲ್ಲೂ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ.

ಮನೆಯೊಳಗೆ ಅದರ ಬದಲಿಗೆ ಅತ್ತೆ ಕಲಿಸಿದ ಮಾತಿತ್ತು: 'ಹೊಗೆ ಬಾಗಿಸುವವನು'. ಹನ್ನೊಂದು ವರ್ಷದ ಹಿಂದೆ ಪೈನ್ ತೋಪಿನ ಕಂಪನಿಯವರು ಬೆಂಕಿ ಕಾಯುವುದಕ್ಕೆ ಒಳ್ಳೆ ಕಣ್ಣಿನವರು ಬೇಕು ಎಂದಾಗ, ಎದುರು ಗುಡ್ಡದ ಮೇಲಿನ ಕುರಿಗಳನ್ನು ಎಣಿಸಿ ಹೇಳಿ ಕೆಲಸ ಗಿಟ್ಟಿಸಿದಳು. ಅರ್ಧ ಗಂಟೆಗೊಮ್ಮೆ ಗಾಳಿಯ ದಿಕ್ಕು ಹೇಳಬೇಕಾದ ಕೆಲಸ! ಊರಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಇಂಗ್ಲಿಷಿನ 'ವಿಂಡ್' ಎತ್ತಿಕೊಂಡಳು. "ನಮ್ಮನೆ ಸೊಸೆ ಈಗ ದೊರೆಸಾನಿ, ಹವೆನೂ ಇಂಗ್ಲಿಷಲ್ಲೇ ಬೀಸುತ್ತೆ" ಎಂದು ಮೈದುನ ಫಿಕಿಲೆ ಅಣಕಿಸುತ್ತಿದ್ದ.

ಮಾವ ಮಾತ್ರ ಅಣಕಿಸಲಿಲ್ಲ. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಹಟ್ಟಿಯ ಕಲ್ಲಿನ ಮೇಲೆ ಕೂತು, "ಮಗಳೇ, ಇವತ್ತು ಗಾಳಿ ಹೇಗಿದೆ?" ಎಂದು ಕೇಳುತ್ತಿದ್ದ. ಅವಳು ಹೇಳಲಾಗದ ತನ್ನ ಹೆಸರನ್ನು ತಾನೇ ಹೇಳಿ, ಅವಳಿಗೆ ಕೈಸನ್ನೆಯಷ್ಟನ್ನೇ ಉಳಿಸುತ್ತಿದ್ದ. ಅವಳು ದಿಕ್ಕಿಗೆ ಗಲ್ಲ ತಿರುಗಿಸುತ್ತಿದ್ದಳು, ಇಲ್ಲದಿದ್ದರೆ ಅಂಗೈ ಕೆಳಗೆ ಮಾಡಿ 'ಶಾಂತ' ಎಂದು ತೋರಿಸುತ್ತಿದ್ದಳು. ಅದು ಅವರಿಬ್ಬರ ನಡುವಿನ ಮಾತುಕತೆ.

ಈ ಬೆಳಿಗ್ಗೆಯೂ ಕೇಳಿದ್ದ. ತಡವಾಗಿತ್ತು, ಆಕಾಶವನ್ನು ಸರಿಯಾಗಿ ನೋಡದೆ ಅವಳು ಅಂಗೈ ಕೆಳಗೆ ಮಾಡಿದ್ದಳು.

ಹಗ್ಗ ಮತ್ತೆ ಮೊಳಗಿತು, ಈ ಸಲ ಎರಡು ಹಗ್ಗಗಳು ಒಟ್ಟಿಗೆ. ಹೊಗೆಯ ತುದಿ ಬಾಗಿತು, ಆಮೇಲೆ ನಡು ಬಾಗಿತು, ಆಮೇಲೆ ಇಡೀ ಹೊಗೆ ನೆಲಕ್ಕೆ ಮಲಗಿ ತೋಪಿನ ಕಡೆ ಹರಿಯಿತು. ಬಿಳಿ ಇದ್ದದ್ದು ಹಳದಿಯಾಯಿತು. ಹೊಗೆಯೊಳಗೆ ಮುದುಕ ಬಿದ್ದ. ಎದ್ದ. ಮತ್ತೆ ಬಿದ್ದ. ಅಷ್ಟು ದೂರದಿಂದ ಕೂಗಿದರೂ ಕೇಳಿಸದು. ಕೇಳಿಸುವ ಹಾಗಿದ್ದರೂ ಏನೆಂದು ಕೂಗುವುದು?

ಆಗ ನೀಲಗಿರಿ ಮರಗಳ ಕಡೆಯಿಂದ ಇನ್ನೊಬ್ಬ ಓಡಿಬಂದ. ಅಂಗಿ ಬಿಚ್ಚಿ ಬೆಂಕಿಗೆ ಬಡಿದ. ಮುದುಕನನ್ನು ಕಂಕುಳಿಗೆ ಕೈಹಾಕಿ ಎತ್ತಿ, ಆಗಲೇ ಸುಟ್ಟು ಕಪ್ಪಾಗಿದ್ದ ನೆಲದ ಮೇಲಕ್ಕೆ ಎಳೆದೊಯ್ದ. ಬೆಂಕಿ ಎರಡು ಸಲ ಸುಡುವುದಿಲ್ಲ ಎಂದು ಗೊತ್ತಿದ್ದವನು. ಆ ಬೋಳುತಲೆ ಕಂಡ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಜೇನು ಸಾಕುವ ಲಿಂಬಾನಿ.

ಲಿಂಬಾನಿ ಮಲಾವಿಯವನು. ಕೊಂಬೆ ಸವರುವ ಗುತ್ತಿಗೆಯಲ್ಲಿ ಬಂದು, ಗುತ್ತಿಗೆ ಮುಗಿದ ಮೇಲೂ, ಕಾಗದಪತ್ರದ ಗಡುವು ತೀರಿದ ಮೇಲೂ ಇಲ್ಲೇ ಉಳಿದಿದ್ದ. ಜೇನುಪೆಟ್ಟಿಗೆ ಇಡಲು ಜಾಗ ಕೊಟ್ಟದ್ದು ಮೋಯಾ. ಮಧ್ಯಾಹ್ನ ಲಿಂಬಾನಿ ಗೋಪುರದ ಬುಡಕ್ಕೆ ಒಂದು ತುಂಡು ಜೇನಿನ ಎರಿ ತಂದು ಕೊಟ್ಟು ಮಾತಿಗೆ ಕೂರುತ್ತಿದ್ದ.

"ಅಕ್ಕಾ, ನೀವು ಬಾಯಿ ಕಟ್ಕೊಂಡಿರೋ ಮಾತಿದೆಯಲ್ಲ, ನಮ್ಮೂರಲ್ಲಿ ಅದು 'ಮೋಯೋ'. ಹಂಗಂದ್ರೆ ಬದುಕು. ಜೀವಂತವಾಗಿರೋದು. ನೀವು ಬದುಕನ್ನೇ ಬಿಟ್ಟು ಕೂತಿದ್ದೀರಿ."

"ಬದುಕು ಎಲ್ಲಿಂದ ಬಂತು?" ಜೊತೆಗಿದ್ದ ಗರಗಸದ ಆಳು, ಜಿಂಬಾಬ್ವೆಯವನು, ತಡೆದ. "ಮೋಯೋ ಅಂದ್ರೆ ಹೃದಯ. ನಮ್ಮ ಕುಲದ ಹೆಸರೇ ಅದು."

"ನಿಮ್ಮದು ಹೃದಯ, ನಮ್ಮದು ಬದುಕು, ಈ ಅಕ್ಕಂದು ಬರೀ ಗಾಳಿ. ಆ ಮಾತು ಹಿಂದೆ ಯಾವುದೋ ಕಾಲದಲ್ಲಿ ನಮ್ಮ ಕಡೆಯಿಂದಲೇ ನಡ್ಕೊಂಡು ಹೊರಟಿದ್ದು. ಒಂದೊಂದು ನದಿ ದಾಟೋವಾಗ್ಲೂ ಒಂದೊಂದು ಗಂಟು ಕಳ್ಕೊಳ್ತಾ, ಈ ಚಳಿ ಗುಡ್ಡಕ್ಕೆ ಬರೋ ಹೊತ್ತಿಗೆ ಬರಿಗೈ."

"ಬರಿಗೈ ಅಂತೆ," ನೊಖಾಯಾ ಜೇನುಮೇಣ ಉಗುಳಿ ಹೇಳಿದ್ದಳು. "ನಮ್ಮಲ್ಲಿ ಸತ್ತೋರೂ ಅದ್ರಲ್ಲೇ ಇದ್ದಾರೆ ಕಣೋ. ನಿಮ್ಮಲ್ಲಿ ಬದುಕಿರೋರಿಗೆ ಮಾತ್ರ ಜಾಗ."

"ಅಕ್ಕ ಗೆದ್ರು. ಆದ್ರೆ ನಮ್ಮೂರಿನ ಮಾತಾದ್ರೂ ಹೇಳಿ ನೋಡಿ. ಕೊನೇಲಿ ಒಂದು 'ಓ' ಅಷ್ಟೇ ಬೇರೆ."

ಅವಳು ತಲೆಯಾಡಿಸಿದ್ದಳು. 'ಓ' ಆಗಲಿ 'ಆ' ಆಗಲಿ, ಅದು ಒಂದೇ ಮನೆಯ ಬಾಗಿಲು.

ಬೆಂಕಿ ಮೂರು ಗಂಟೆಯ ಹೊತ್ತಿಗೆ ಹಳ್ಳದ ದಂಡೆಯಲ್ಲಿ ನಿಂತಿತು. ನಲವತ್ತು ಎಕರೆ ಎಳೆ ಪೈನ್ ಹೋಯಿತು. ನೀರಿನ ಲಾರಿಯ ಚಾಲಕ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಗೆ ಹೋದ. ಮೊದಲು ತಲುಪಿದ ತಂಡದವರಿಗೆ ಬೇಲಿಯ ಹತ್ತಿರ ಸಿಕ್ಕವನು ಲಿಂಬಾನಿ ಒಬ್ಬನೇ. ಮುದುಕನನ್ನು ಮನೆಯ ದಾರಿಗೆ ಹತ್ತಿಸಿ, ತಾನು ಬೆಂಕಿ ಬಡಿಯಲು ವಾಪಸು ಬಂದಿದ್ದ. ಅವನ ಕೈಯಲ್ಲಿ ಜೇನಿಗೆ ಹೊಗೆ ಹಾಕುವ ಡಬ್ಬಿ, ಜೇಬಿನಲ್ಲಿ ಬೆಂಕಿಪೊಟ್ಟಣ. ಇನ್ನೇನು ಬೇಕು? ಐದು ಗಂಟೆಗೆ ಪೊಲೀಸರು ಬರುತ್ತಾರೆ, ಅವರ ಕೈಗೆ ಒಪ್ಪಿಸುವುದು ಎಂದಾಯಿತು. ಕಾಗದವಿಲ್ಲದವನು. ಮೊದಲು ಸೆರೆಮನೆ, ಆಮೇಲೆ ಗಡಿಯಾಚೆ.

ಸಂಜೆಯ ಪಾಳಿಯವಳಿಗೆ ಗೋಪುರ ಒಪ್ಪಿಸಿ ನೊಖಾಯಾ ಏಣಿಯಿಳಿದಾಗ ಫಿಕಿಲೆ ಕಾಯುತ್ತಿದ್ದ. ಅವನು ಬೆಂಕಿ ತಂಡದ ಮುಂದಾಳು. ಮುಖವೆಲ್ಲ ಮಸಿ, ಕಣ್ಣು ಮಾತ್ರ ಕೆಂಪು.

"ಮನೆಗೆ ಹೋಗಿದ್ದೆ ಅತ್ತಿಗೆ. ಅಪ್ಪನ ಕಂಬಳಿ ಹೊಗೆ ವಾಸನೆ ಹೊಡೀತಿದೆ. ಹುಬ್ಬು ಸುಟ್ಟಿದೆ. ಕೇಳಿದ್ರೆ ಮಾತಿಲ್ಲ." ಅವನು ದನಿ ತಗ್ಗಿಸಿದ. "ಹೊಗೇಲಿ ಏನೂ ಕಾಣ್ಲಿಲ್ಲ ಅಂತ ಹೇಳು. ಅಷ್ಟೇ ಸಾಕು."

"ಆ ಲಿಂಬಾನಿ?"

"ಅವ್ನು ಹೆಂಗಿದ್ರೂ ಒಂದಿನ ಹೋಗೋನೇ. ಎಂಬತ್ತೊಂದು ವರ್ಷದ ಮುದುಕ ಕಣೇ ಅಪ್ಪ. ಜೈಲಿನ ನೆಲದ ಮೇಲೆ ಒಂದು ರಾತ್ರಿ ತಡೀತಾರಾ? ನೀನೇ ಹೇಳು."

ತಡೆಯಲಾರನೆಂದು ಅವಳಿಗೂ ಗೊತ್ತಿತ್ತು. ಚಳಿಗಾಲದಲ್ಲಿ ಮಾವನ ಕಾಲಿಗೆ ಎಣ್ಣೆ ಕಾಯಿಸಿ ಕೊಡುತ್ತಿದ್ದವಳು ಅವಳೇ.

ಕಚೇರಿಯ ಅಂಗಳದಲ್ಲಿ ಬೆಂಕಿ ವಿಭಾಗದ ಮೇಲಧಿಕಾರಿ ಮಡಿಕಾನೆ ಮೇಜು ಹಾಕಿಸಿಕೊಂಡು ಕೂತಿದ್ದ. ನಗರದಿಂದ ಬಂದ ಖೋಸಾ ಮನುಷ್ಯ, ಗಟ್ಟಿ ಇಸ್ತ್ರಿಯ ಅಂಗಿ. ಸುತ್ತ ತಂಡದವರು, ಅನ್ನದ ಡಬ್ಬಿ ತಂದಿದ್ದ ಊರಿನ ಹೆಂಗಸರು. ಪಿಕಪ್ಪಿನ ಹಿಂದೆ ಇಬ್ಬರ ನಡುವೆ ಲಿಂಬಾನಿ ಬರಿಮೈಯಲ್ಲಿ ಕೂತಿದ್ದ. ಅಂಗಿ ಬೆಂಕಿಯಲ್ಲಿ ಹೋಗಿತ್ತು. "ನಾನು ಹಚ್ಚಿಲ್ಲ" ಎಂದು ಸಿಕ್ಕಿಬಿದ್ದಾಗಿನಿಂದ ಒಂದೇ ಮಾತು ಹೇಳಿದ್ದ. ಹಚ್ಚಿದವರು ಯಾರೆಂದರೆ ನೆಲ ನೋಡುತ್ತಿದ್ದ. ಜಾಗ ಕೊಟ್ಟ ಮುದುಕನನ್ನು ಹಿಡಿದುಕೊಡಲು ಅವನಿಗೆ ಮನಸ್ಸಿರಲಿಲ್ಲ.

ಮಡಿಕಾನೆ ಗೋಪುರದ ದಿನವಹಿ ತೆರೆದ. "ಬನ್ನಿ ಅಮ್ಮಾ. ಹನ್ನೊಂದು ವರ್ಷದ ಪುಟ ತಿರುವಿ ನೋಡಿದೆ. ಎಲ್ಲೂ ಒಂದು ಮನೆ ಖಾಲಿ ಬಿಟ್ಟೋರಲ್ಲ ನೀವು. ಕತ್ತೆ ಕಂಡ್ರೂ ಕತ್ತೆ ಅಂತ ಬರ್ದಿದ್ದೀರಿ. ಇವತ್ತು 'ಕಂಡವರು ಯಾರು' ಅನ್ನೋ ಕಡೆ ಖಾಲಿ. ಹೊಗೆ ಅಡ್ಡ ಬಂತಾ?"

ಅಂಗಳದಾಚೆ ಫಿಕಿಲೆ ಅವಳನ್ನೇ ನೋಡುತ್ತಿದ್ದ. ಹೌದು ಎಂದರೆ ಮುಗಿಯಿತು.

"ಆಗ ಹೊಗೆ ನೆಟ್ಟಗಿತ್ತು ಸರ್. ಚೆನ್ನಾಗಿ ಕಾಣ್ತಿತ್ತು."

ಫಿಕಿಲೆ ಮುಖ ತಿರುಗಿಸಿಕೊಂಡ.

"ಕಂಡಿದ್ದು ಇವನೇನಾ?" ಮಡಿಕಾನೆ ಪೆನ್ನಿನಿಂದ ಪಿಕಪ್ಪು ತೋರಿಸಿದ.

"ಅವನಲ್ಲ. ಅವನು ಬಂದಿದ್ದು ಆಮೇಲೆ, ಆರಿಸೋಕೆ. ಅಂಗಿ ಬಿಚ್ಚಿ ಬಡೀತಿದ್ದ."

"ಮತ್ಯಾರು?"

ಅವಳು ದಿನವಹಿಯ ಖಾಲಿ ಮನೆಯತ್ತ ನೋಡಿದಳು.

"ಗೊತ್ತಿಲ್ವಾ?"

"ಗೊತ್ತು."

"ಹಾಗಾದ್ರೆ ಹೇಳಿ. ಯಾಕೆ, ಹೆದರಿಕೆನಾ? ಯಾರಾದ್ರೂ ಬೆದರಿಸಿದ್ರಾ?"

"ಇಲ್ಲ ಸರ್. ಹೇಳಕ್ಕಾಗಲ್ಲ. ನನ್ನ ಬಾಯಿಗೆ ಬರೋ ಹಾಗಿಲ್ಲ."

ಡಬ್ಬಿ ಹಿಡಿದಿದ್ದ ಹೆಂಗಸರಲ್ಲಿ ಒಬ್ಬಳು ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡಳು. ಇನ್ನೊಬ್ಬಳು "ಅಯ್ಯೋ ತಾಯಿ" ಎಂದು ನೆಲಕ್ಕೆ ಕೂತೇಬಿಟ್ಟಳು. ಲುಖಾಲ್ವೆನಿಯಲ್ಲಿ ನೂರಾರು ಗಂಡಸರಿದ್ದಾರೆ. ಅವರಲ್ಲಿ ನೊಖಾಯಾಳ ಬಾಯಿಗೆ ಬಾರದ ಹೆಸರು ಯಾವ ಮುದುಕನದೆಂದು ಊರಿನ ಎಲ್ಲ ಹೆಂಗಸರಿಗೂ ಗೊತ್ತು. ಅವಳು ಬಾಯಿ ಮುಚ್ಚಿಕೊಂಡದ್ದೇ ಹೆಸರು ಹೇಳಿದಂತಾಗಿತ್ತು. ಬಾಯಿ ತೆರೆಯುವ ಮೊದಲೇ ಅವಳಿಗೆ ಅದು ಗೊತ್ತಿತ್ತು.

ಮಡಿಕಾನೆಗೆ ತಿಳಿಯಲು ಒಂದು ಗಳಿಗೆ ಹೆಚ್ಚು ಬೇಕಾಯಿತು. ಆಮೇಲೆ ಅವನು ಪೆನ್ನು ಕೆಳಗಿಟ್ಟ. ಅವನ ಅಜ್ಜಿಯೂ ಹೀಗೇ ನಿಲ್ಲುತ್ತಿದ್ದಳೇನೋ, ದನಿ ಮೆತ್ತಗಾಯಿತು.

"ಅಮ್ಮಾ, ನನಗೆ ಕಾಗದದ ಮೇಲೆ ಬೇಕು. ಬರೆದಾದ್ರೂ ಕೊಡ್ತೀರಾ?"

"ಬರೆದ್ರೂ ಹೇಳಿದ ಹಾಗೇ ಸರ್. ಕೈಯೂ ನಂದೇ ತಾನೇ?"

"ಹೋಗಲಿ. ನಾನೇ ಬರೀತೀನಿ. ತಪ್ಪಾಗಿದ್ರೆ ತಪ್ಪು ಅನ್ನಿ." ಅವನು ಹಿಂದಿನ ಸಾಲಿನ ಹೆಂಗಸೊಬ್ಬಳನ್ನು ಕರೆದು ಕಿವಿಯಲ್ಲಿ ಕೇಳಿದ, ಖಾಲಿ ಮನೆಯೊಳಗೆ ಇಂಗ್ಲಿಷ್ ಲಿಪಿಯ ನಾಲ್ಕು ಅಕ್ಷರ ಬರೆದ, ಪುಸ್ತಕವನ್ನು ಅವಳ ಕಡೆ ತಿರುಗಿಸಿದ.

ನೊಖಾಯಾ ನೋಡಿದಳು. ನೀಲಿ ಶಾಯಿಯಲ್ಲಿ ಎಷ್ಟು ಪುಟ್ಟದಾಗಿತ್ತು ಅದು. ಇಪ್ಪತ್ತಾರು ವರ್ಷ ಅವಳ ನಾಲಿಗೆ ಸುತ್ತು ಬಳಸಿ ದಾಟಿದ ಗುಡ್ಡ ಇಷ್ಟೇ. ತಪ್ಪು ಎಂದು ಅವಳು ಹೇಳಲಿಲ್ಲ.

"ಇನ್ನೊಂದು ಇದೆ ಸರ್, ಅದನ್ನೂ ಬರ್ಕೊಳ್ಳಿ. ಬೆಳಿಗ್ಗೆ ಅವರು ನನ್ನನ್ನು ಕೇಳೇ ಹೊರಟಿದ್ದು. ವಿಂಡ್ ಇಲ್ಲ ಅಂತ ಕೈ ಮಾಡಿ ತೋರಿಸಿದ್ದು ನಾನು. ಸರಿಯಾಗಿ ನೋಡ್ದೆ ತೋರಿಸಿದೆ. ಅವರ ಅಪ್ಪ, ತಾತ ಎಲ್ಲ ಆಗಸ್ಟಲ್ಲಿ ಹುಲ್ಲು ಸುಟ್ಟೇ ದನಕ್ಕೆ ಹಸಿ ಚಿಗುರು ಕೊಟ್ಟೋರು. ನಾನು ಬೇಡ ಅಂದಿದ್ರೆ ಅವರು ಕಡ್ಡಿ ಗೀರ್ತಿರಲಿಲ್ಲ."

"ಇದನ್ನ ಬರೆದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ."

"ಬರೀರಿ."

ಅವನು ಬರೆದ. ಬರೆದು ಮುಗಿಸಿ, ಪಿಕಪ್ಪಿನ ಕಡೆ ಕೈಬೀಸಿ, "ಅವನನ್ನ ಇಳಿಸ್ರಪ್ಪಾ" ಎಂದ.

ಲಿಂಬಾನಿ ಇಳಿದು, ಹೋಗುವುದೋ ನಿಲ್ಲುವುದೋ ತಿಳಿಯದೆ, ಅವಳ ಹತ್ತಿರ ಬಂದ. "ಅಕ್ಕಾ, ಯಾಕೆ ಹೀಗೆ ಮಾಡಿದ್ರಿ? ನಾನು ಹೇಗೋ..."

"ಪೊಲೀಸರು ಬರೋದ್ರೊಳಗೆ ಹೋಗೋ ಮಾರಾಯ. ರಸ್ತೇಲಿ ಹೋಗ್ಬೇಡ, ಹಳ್ಳದ ಬದಿ ಹಿಡಿ."

ಅವನು ಹೋದ. ಓಡಲಿಲ್ಲ, ನೀಲಗಿರಿ ಮರಗಳ ನಡುವೆ ಬರಿಮೈ ಬೆನ್ನು ಕಾಣುವಷ್ಟು ಹೊತ್ತು ನಿಧಾನಕ್ಕೆ ನಡೆದ. ಮಡಿಕಾನೆ ಆ ಕಡೆ ನೋಡಲಿಲ್ಲ. ಅವನು ಪಿಕಪ್ಪಿನ ಚಾಲಕನನ್ನು ಕರೆದು ಲುಖಾಲ್ವೆನಿಗೆ ಹೊರಡಲು ಹೇಳುತ್ತಿದ್ದ. ಮುದುಕನನ್ನು ಮರ್ಯಾದೆಯಿಂದ ಕೂರಿಸಿಕೊಂಡು ಬಾ, ಮುಂದಿನ ಸೀಟಿನಲ್ಲಿ, ಎನ್ನುತ್ತಿದ್ದ.

ರಸ್ತೆಯಲ್ಲಿ ಹೋದರೆ ಗುಡ್ಡ ಬಳಸಿ ಹನ್ನೆರಡು ಕಿಲೋಮೀಟರು, ಗೇಟು ಮೂರು. ಬೆಂಕಿ ಹಾದುಹೋದ ಇಳಿಜಾರಿನ ಕಾಲುದಾರಿಯಲ್ಲಿ ಮೂರೇ ಕಿಲೋಮೀಟರು. ನೊಖಾಯಾ ಮನಸ್ಸಿನಲ್ಲೇ ಅಳೆದಳು. ಮಾವ ಬೆಳಗಿನಿಂದ ಗಂಜಿ ಕುಡಿದಿರುವುದಿಲ್ಲ. ಸುಟ್ಟ ಕಂಬಳಿಯಲ್ಲೇ ಕೂತಿರುತ್ತಾನೆ. ಪೆಟ್ಟಿಗೆಯೊಳಗೆ ಇನ್ನೊಂದು ಕಂಬಳಿ ಇದೆ, ದಪ್ಪದ್ದು, ಅದು ಎಲ್ಲಿದೆಯೆಂದು ಅವಳಿಗೊಬ್ಬಳಿಗೇ ಗೊತ್ತು.

ಫಿಕಿಲೆ ಅವಳ ದಾರಿಗೆ ಅಡ್ಡ ಬಂದು ನಿಂತ.

"ತೃಪ್ತಿಯಾಯ್ತಾ ಅತ್ತಿಗೆ? ಹೆಸರು ಹೇಳದೇ ಹೆಸರು ಹೇಳಿದೆಯಲ್ಲ, ಭಾರೀ ಜಾಣೆ! ಅಮ್ಮ ಇದ್ದಿದ್ರೆ ನಿನ್ನ ಇವತ್ತೇ ತವರಿಗೆ ಅಟ್ಟಿರೋರು."

"ಅಟ್ತಿದ್ರು."

"ಒಂದು ಸುಳ್ಳು ಕಣೇ, ಒಂದೇ ಒಂದು. ಹೊಗೆ ಅಂದಿದ್ರೆ ಆಗ್ತಿತ್ತು. ಊರು ಬಿಟ್ಟು ದುಡಿಯೋಕೆ ಹೋಗಿರೋ ಅಣ್ಣಂಗೆ ನಾನೇನು ಫೋನ್ ಮಾಡಿ ಹೇಳ್ಲಿ? ನಿನ್ನ ಹೆಂಡ್ತಿ ನಮ್ಮಪ್ಪನ್ನ ಹಿಡಿಸಿಕೊಟ್ಲು ಅಂತಲಾ?"

"ಹಂಗೇ ಹೇಳು. ದಾರಿ ಬಿಡು ಫಿಕಿಲೆ."

"ಎಲ್ಲಿಗೆ? ಮನೆಗಾ? ಆ ಮನೆಗೆ ಇನ್ನೂ ಕಾಲಿಡ್ತೀಯಾ?"

ಅಂಗಳದ ಆಚೆ ಪಿಕಪ್ಪು ಒಂದು ಸಲ ಕೆಮ್ಮಿ, ಎರಡನೆಯ ಸಲಕ್ಕೆ ಚಾಲೂ ಆಯಿತು. ಅವಳು ಮೈದುನನನ್ನು ಬಳಸಿ ಬೇಲಿಯವರೆಗೆ ಹೋದಳು. ಕೆಳಗಿನ ತಂತಿಯನ್ನು ಕಾಲಲ್ಲಿ ಒತ್ತಿ, ಮೇಲಿನದನ್ನು ಎತ್ತಿ, ಕೆಲಸದ ಸಮವಸ್ತ್ರದಲ್ಲೇ ಬಗ್ಗಿ ಆಚೆ ದಾಟಿದಳು. ಆಚೆಯ ನೆಲ ಇನ್ನೂ ಬೆಚ್ಚಗಿತ್ತು. ಬೂಟಿನ ಅಡಿಯಿಂದ ಬೂದಿ ಎದ್ದು ಪೂರ್ವಕ್ಕೆ ತೇಲಿತು.

"ಹೋಗಿ ಅವರಿಗೆ ಏನಂತೀಯ?" ಫಿಕಿಲೆ ತಂತಿ ಹಿಡಿದು ಕೂಗಿದ. ಅವನ ದನಿ ಒಡೆದಿತ್ತು. "ಕಣ್ಣಲ್ಲಿ ಕಣ್ಣಿಟ್ಟು ಏನಂತೀಯ? ಅವರು ಕೇಳ್ತಾರೆ ನಿನ್ನ, ಎದುರಿಗೆ ಕೂರಿಸ್ಕೊಂಡು ಕೇಳ್ತಾರೆ. ಅತ್ತಿಗೆ! ನಿನ್ನತ್ರ ಮಾತಾಡ್ತಿರೋದು ನಾನು. ನಿಲ್ಲೇ, ಇನ್ನೂ ನನ್ನ ಮಾತು..."

ಅವಳು ಆಗಲೇ ಏರುದಾರಿ ಹಿಡಿದಿದ್ದಳು. ಕಪ್ಪು ಗುಡ್ಡದ ಮೇಲೆ, ಪಿಕಪ್ಪು ಮೊದಲ ಗೇಟು ಮುಟ್ಟುವ ಮೊದಲೇ ನೆತ್ತಿ ಸೇರುವಷ್ಟು ಬಿರುಸಾಗಿ, ಹಿಂತಿರುಗಿ ನೋಡದೆ ನಡೆಯುತ್ತಿದ್ದಳು.